ಕೆಂಪು ಕಾರಿನ ಜಾತಕ

ಮಕ್ಕಳೇ, ಎಷ್ಟೋ ಸ್ಪೋರ್ಟ್ಸ್ ಕಾರುಗಳಿಗೆ ಹಿಂದಿನ ಸೀಟೇ ಇರುವುದಿಲ್ಲ ಎಂಬ ಸಂಗತಿ ನನಗೆ ಎಪ್ಪತ್ತು ದಾಟಿದ ಮೇಲೆ ತಿಳಿಯಿತು. ಇಬ್ಬರು ಕೂತರೆ ಮುಗಿಯಿತು. ಮೂರನೆಯವರು ಬಸ್ಸಿಗೆ ಹೋಗಬೇಕು. ಇಂಥದ್ದೊಂದು ಕಾರು ಬೇಕೆಂದು ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ನನ್ನ ದೊಡ್ಡ ಮೊಮ್ಮಗ ಮೂರು ವರ್ಷದಿಂದ ದುಡ್ಡು ಕೂಡಿಡುತ್ತಿದ್ದ. ಹೊಸದು ಕೊಳ್ಳುವ ಮಾತೇ ಇಲ್ಲ. ಹಳೆಯದನ್ನು ಡೀಲರ್ ಹತ್ತಿರ ನೋಡಿಟ್ಟಿದ್ದ. 18 ಲಕ್ಷ ಹೇಳುತ್ತಿದ್ದರು. 5 ಲಕ್ಷ ಸಾಲದು. ಅದಕ್ಕೆ ಅವನ ಕಣ್ಣು ಬಿದ್ದದ್ದು ಅಜ್ಜಿಯ ಎಫ್.ಡಿ. ಮೇಲೆ.

ಅಜ್ಜಿ ಒಂದೇ ಮಾತು ಹೇಳಿದಳು. "ತಾತ ಹೋಗಿ ಕಾಗದ ನೋಡ್ಕೊಂಡು ಬರ್ಲಿ. ಆಮೇಲೆ ದುಡ್ಡಿನ ಮಾತು."

ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಎಂಜಿನ್ ತಿಳಿಯದಿದ್ದರೂ ಕಾಗದ ತಿಳಿಯುತ್ತದೆ. ಎಂಜಿನ್ ನೋಡುವುದಕ್ಕೆ ಮೊಮ್ಮಗನೇ ಇದ್ದ. ಕಾರಿನ ಮೈ ನೋಡುವುದಕ್ಕೆ ಪಕ್ಕದ ಬೀದಿಯ ಶಿಲ್ಪಿಯೊಬ್ಬರನ್ನು ಕರೆದೆ. ನಗಬೇಡಿ. ನಮ್ಮ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರು ಮೊದಲು ಮಾಡುವ ಕೆಲಸ ಕಲ್ಲನ್ನು ತಟ್ಟಿ ನೋಡುವುದು. ಗಂಟೆಯ ಹಾಗೆ ನಾದ ಕೊಟ್ಟರೆ ಕಲ್ಲು ಚೆನ್ನಾಗಿದೆ. ಬೊದ್ದು ಶಬ್ದ ಬಂದರೆ ಒಳಗೆಲ್ಲೋ ಬಿರುಕಿದೆ. ಗುದ್ದಿಸಿಕೊಂಡ ಕಾರಿನ ತಗ್ಗಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದಿದ್ದರೆ ಅದೂ ಬೊದ್ದಾಗಿಯೇ ಮಾತಾಡುತ್ತದೆ.

ಆರನೇ ಕ್ಲಾಸಿನ ಮೊಮ್ಮಗಳೂ ಹೊರಟಳು. ಅವಳ ಚೀಲದಲ್ಲಿ ಒಂದು ಅಯಸ್ಕಾಂತ, ಒಂದು ಸ್ಕೇಲು.

ಮೊದಲು ತೋರಿಸಿದ್ದು ದೆಹಲಿ ನಂಬರಿನ ಹಳದಿ ಕಾರು. ಅದರ ಬೆಲೆ 14 ಲಕ್ಷ ಎಂದಾಗ ಮೊಮ್ಮಗನ ಮುಖ ಅರಳಿತು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೂ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೂ ವರ್ಷಗಳಿಂದ ಕೋರ್ಟಿನ ಕಟ್ಟುಪಾಡು. ಆ ಭಯಕ್ಕೆ ಅಲ್ಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬರುತ್ತವೆ. ಆದರೆ ಬೇರೆ ರಾಜ್ಯದ ಕಾರಿಗೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ತರಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ನಮ್ಮಲ್ಲಿ 20 ಲಕ್ಷ ಮೀರಿದ ಕಾರಿಗೆ ಆ ತೆರಿಗೆ ಶೇ. 18, ಮೇಲೆ ಸೆಸ್. ಲೆಕ್ಕ ಹಿಡಿಯುವುದು ನೀವು ಕೊಟ್ಟ 14 ಲಕ್ಷದ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ವಯಸ್ಸಿಗೆ ತಕ್ಕಂತೆ ಕಳೆದರೂ ಉಳಿಯುವುದು ಲಕ್ಷಗಳ ಮಾತೇ. ನಾನು ಜೇಬಿನ ಪುಟ್ಟ ಡೈರಿಯಲ್ಲಿ ಕೂಡಿ ತೋರಿಸಿದೆ. ಹಳದಿ ಕಾರು ಅಲ್ಲಿಗೆ ಮುಗಿಯಿತು.

ಆಮೇಲೆ ಕೆಂಪು ಕಾರು. ಬೆಂಗಳೂರಿನದೇ ನೋಂದಣಿ, ಒಂಬತ್ತು ವರ್ಷದ್ದು. ಕಂಪನಿಯ ಹೆಸರು ಇಲ್ಲಿ ಬೇಡ. ನಿಮ್ಮ ಮನೆಯಲ್ಲಿ ಗಲಾಟೆ ಎಬ್ಬಿಸಿದ ಪಾಪ ನನಗೇಕೆ?

ಹಿಂದಿನ ದಿನವೇ ಮೊಮ್ಮಗ ಫೋನ್ ಮಾಡಿ, "ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ" ಎಂದಿದ್ದ. ನಾನು ಬಾನೆಟ್ ಮೇಲೆ ಕೈಯಿಟ್ಟೆ. ಬಿಸಿ ಇಡ್ಲಿ ಪಾತ್ರೆಯ ಮುಚ್ಚಳದ ಹಾಗಿತ್ತು. ತಣ್ಣಗಿರುವ ಎಂಜಿನ್ ಮೊದಲ ಸಲ ಏಳುವಾಗಲೇ ತನ್ನ ಕಾಯಿಲೆ ಹೇಳಿಕೊಳ್ಳುವುದು. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ, ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿ ಸುಡುತ್ತಿದೆ, ದಟ್ಟ ಬಿಳಿ ಹೊಗೆ ನಿಲ್ಲದೆ ಬಂದರೆ ಕೂಲೆಂಟ್ ನೀರು ಒಳಗೆ ಸೇರುತ್ತಿದೆ. ಮೊದಲೇ ಬಿಸಿ ಮಾಡಿಟ್ಟರೆ ಇದರಲ್ಲಿ ಅರ್ಧ ಮುಚ್ಚಿಹೋಗುತ್ತದೆ. "ಪರವಾಗಿಲ್ಲ, ಕಾಯ್ತೀವಿ" ಎಂದೆ. ಎರಡು ಸಲ ಟೀ ಆಯಿತು. ನಿವೃತ್ತರಿಗೆ ಕಾಯುವುದೇನು ಕಷ್ಟ?

ಆ ಹೊತ್ತಿನಲ್ಲಿ ಮೊಮ್ಮಗಳು ಬಾನೆಟ್‌ಗೆ ಅಯಸ್ಕಾಂತ ಹಿಡಿದಳು. ಅದು ಜಾರಿ ಬಿತ್ತು. "ತಾತಾ, ಇಡೀ ಕಾರಿಗೆ ಪುಟ್ಟಿ ಹಾಕವ್ರೆ!" ಎಂದು ಕೂಗಿದಳು. ಡೀಲರ್ ಕಡೆಯ ಹುಡುಗ ನಕ್ಕ. ಬಾನೆಟ್ ಅಲ್ಯೂಮಿನಿಯಂ. ತೂಕ ಇಳಿಸಲು ಕೆಲವು ಕಂಪನಿಗಳು ಹಾಗೆ ಮಾಡುತ್ತವೆ. ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯುವುದಿಲ್ಲ ಎಂದು ಅವಳ ವಿಜ್ಞಾನದ ಪುಸ್ತಕದಲ್ಲೇ ಇದೆ. 1980ರ ದಶಕದಲ್ಲಿ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಸಿಪಾನಿ ಡಾಲ್ಫಿನ್ ಎಂಬ ಪುಟ್ಟ ಕಾರು ನಿಮ್ಮಲ್ಲಿ ಕೆಲವು ಅಜ್ಜಂದಿರಿಗೆ ನೆನಪಿರಬಹುದು. ಅದರ ಮೈ ಪೂರಾ ಫೈಬರ್. ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಕಾರಿಗೂ ಫೈಬರ್ ಮೈ, ರೆನೋ ಎಂಜಿನ್. ಅಂಥವುಗಳ ಮುಂದೆ ಅಯಸ್ಕಾಂತದ ಆಟ ನಡೆಯುವುದಿಲ್ಲ.

ಬೆರಳಿನ ಆಟ ನಡೆಯಿತು. ನಮ್ಮ ಶಿಲ್ಪಿಗಳು ಕಾರನ್ನು ಸುತ್ತು ಬಂದು, ಬೆರಳ ಗೆಣ್ಣಿನಿಂದ ತಟ್ಟುತ್ತಾ ತಟ್ಟುತ್ತಾ ಎಡಬಾಗಿಲಿನ ಕೆಳಗೆ ನಿಂತರು. ಮತ್ತೆ ತಟ್ಟಿದರು. "ಇಲ್ಲಿ ನಾದ ಇಲ್ಲ ಸ್ವಾಮಿ" ಎಂದರು. ಡೀಲರ್ ಮೊದಲು ಇಲ್ಲವೆಂದರು, ಆಮೇಲೆ "ಸಣ್ಣ ಟಚಿಂಗ್" ಎಂದರು, ಕೊನೆಗೆ ಬಾಗಿಲಿಗೆ ಪೆಟ್ಟಾಗಿದ್ದು ನಿಜವೆಂದು ಒಪ್ಪಿ 40 ಸಾವಿರ ಇಳಿಸಿದರು. ಶಿಲ್ಪಿಗಳಿಗೆ ಮಧ್ಯಾಹ್ನ ಊಟ ಮೊಮ್ಮಗನದೇ.

ಟೈರಿನ ಮೇಲೆ ಓದುವುದಕ್ಕೂ ಮಕ್ಕಳೇ ಬೇಕು, ಬಗ್ಗುವುದು ನಮ್ಮಿಂದಾಗದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೂರು ಟೈರು ಒಂದು ವರ್ಷದವು, ಒಂದು ಬೇರೆ. ಅದು ಬಾಗಿಲಿಗೆ ಪೆಟ್ಟಾದ ಕಡೆಯದೇ. ಲೆಕ್ಕ ತಾಳೆಯಾಯಿತು.

ಇನ್ನು ಟೆಸ್ಟ್ ಡ್ರೈವ್. 2023ರ ಏಪ್ರಿಲ್ 1ರಿಂದ ಹಳೆಯ ಗಾಡಿಗಳ ಡೀಲರ್‌ಗಳಿಗೆ ಆರ್‌ಟಿಒ ಅಧಿಕಾರ ಪತ್ರ ಬೇಕೆಂದು ಕೇಂದ್ರದ ನಿಯಮ ಬಂದಿದೆ. ಅವರ ಬಳಿಯಿರುವ ಗಾಡಿ ಯಾವಾಗ, ಯಾತಕ್ಕೆ, ಯಾರು ಓಡಿಸಿದರು, ಎಷ್ಟು ಕಿಲೋಮೀಟರ್ ಎಂದು ಎಲೆಕ್ಟ್ರಾನಿಕ್ ರಿಜಿಸ್ಟರಿನಲ್ಲಿ ಬರೆಯಬೇಕು. ಕೇಳಿದೆ. ಇತ್ತು. ಮೊಮ್ಮಗನ ಲೈಸೆನ್ಸ್ ನಂಬರ್ ಬರೆದುಕೊಂಡರು. ಮೊದಲ ಸುತ್ತು ಡೀಲರ್ ಕಡೆಯ ಹುಡುಗನ ಜೊತೆ. ಎರಡನೆಯದಕ್ಕೆ ನನ್ನ ಬಿಳಿ ತಲೆಗೆ ಮರ್ಯಾದೆ ಕೊಟ್ಟು ನನ್ನನ್ನು ಕೂರಿಸಿದರು. ಕೂತೆ ಅನ್ನುವುದಕ್ಕಿಂತ ಇಳಿದೆ ಅನ್ನಬೇಕು, ಅಷ್ಟು ತಗ್ಗು. ಕಾಲು ಚಾಚಿ, ಹಜಾರದ ಚಾಪೆ ಮೇಲೆ ಕೂತ ಹಾಗೆ. ಲಾರಿಯ ಚಕ್ರ ನನ್ನ ಕಿವಿಯ ಎತ್ತರಕ್ಕೆ ಬಂತು.

ಮೊಮ್ಮಗನಿಗೆ ದೊಡ್ಡ ರಸ್ತೆಗೆ ಹೋಗಿ ಒತ್ತುವ ಆಸೆ. ಈಗ ಮಾಲೂರಿನ ಕಡೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇರೆ ಬಂದಿದೆಯಲ್ಲ. ನಾನು ಬೇಡವೆಂದೆ. ನೆಟ್ಟಗಿನ ರಸ್ತೆಯಲ್ಲಿ ಎಲ್ಲ ಕಾರೂ ಒಳ್ಳೆಯದೇ. ಒಳರಸ್ತೆಗೆ ತಿರುಗಿಸಿ, ನಿಧಾನವಾಗಿ ಸ್ಟೇರಿಂಗ್ ಪೂರಾ ತಿರುಗಿಸಿ, ಕಿಟಕಿ ಇಳಿಸಿ, ರೇಡಿಯೊ ಆರಿಸಿ ಕಿವಿಗೊಟ್ಟೆವು. ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆಯಲಿಲ್ಲ. ಗುಂಡಿಯಲ್ಲಿ ಇಳಿದಾಗ ಮುಂದೆ ಎಲ್ಲೋ ಟಕ್ ಎಂದಿತು. ಹಿಂದಿರುಗಿದ ಮೇಲೆ ಮೆಕ್ಯಾನಿಕ್ ನೋಡಿ, ಸವೆದ ಬುಷ್, ಬದಲಾಯಿಸಬೇಕು ಎಂದ.

ಮೊಮ್ಮಗಳು ಸ್ಕೇಲು ಹಿಡಿದು ಹೊಟ್ಟೆಯಡಿಯ ಎತ್ತರ ಅಳೆದಳು. 13 ಸೆಂ.ಮೀ. ನಿಯಮದ ಪ್ರಕಾರ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಹಳ್ಳಿಗಳಲ್ಲಿ ಉಬ್ಬು ಹಾಕುವವರು ಈ ನಿಯಮ ಓದಿಲ್ಲ.

ಈಗ ನನ್ನ ಕೆಲಸ ಬಂತು, ಜಾತಕ ನೋಡುವುದು. ಕಾರಿನ ಜಾತಕ ಎಂದರೆ ಆರ್.ಸಿ. ಅದರಲ್ಲಿರುವ ಚಾಸಿ ನಂಬರ್ 17 ಅಕ್ಷರ-ಅಂಕಿಗಳದ್ದು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ, ಒಂದು-ಸೊನ್ನೆಗಳ ಜೊತೆ ಗಲಿಬಿಲಿಯಾಗದಿರಲೆಂದು. ಮೊಮ್ಮಗಳು ಕಾರಿನ ಮೇಲೆ ಕೊರೆದದ್ದನ್ನು ಗಟ್ಟಿಯಾಗಿ ಓದಿದಳು, ನಾನು ಆರ್.ಸಿ.ಯಲ್ಲಿ ಟಿಕ್ ಹಾಕುತ್ತಾ ಹೋದೆ. ಬ್ಯಾಂಕಿನಲ್ಲಿ ಲೆಡ್ಜರ್ ತಾಳೆ ನೋಡುತ್ತಿದ್ದ ಹಾಗೆಯೇ.

ಇದು ಅತಿಯಾಯಿತು ಎನ್ನುವವರಿಗೆ ಒಂದು ನಿಜವಾದ ಸುದ್ದಿ. 2012ರ ದೆಹಲಿ ಆಟೊ ಎಕ್ಸ್‌ಪೋದಲ್ಲಿ ಡಿಸಿ ಅವಂತಿ ಎಂಬ ಭಾರತದ ಸ್ಪೋರ್ಟ್ಸ್ ಕಾರು ಪ್ರದರ್ಶನಕ್ಕೆ ಬಂದಿತ್ತು. 2020ರ ಡಿಸೆಂಬರ್‌ನಲ್ಲಿ ಮುಂಬೈ ಪೊಲೀಸರು ಆ ಕಂಪನಿಯ ಸ್ಥಾಪಕರನ್ನು ಬಂಧಿಸಿದರು. ಒಂದೇ ಎಂಜಿನ್ ನಂಬರ್, ಒಂದೇ ಚಾಸಿ ನಂಬರಿನಲ್ಲಿ ಎರಡು ರಾಜ್ಯಗಳಲ್ಲಿ ನೋಂದಣಿ, ಒಂದೇ ಕಾರಿನ ಮೇಲೆ ಒಂದಕ್ಕಿಂತ ಹೆಚ್ಚು ಸಾಲ ಎಂಬುದು ಪೊಲೀಸರ ಆರೋಪ. ಆರೋಪ ಸರಿಯೋ ತಪ್ಪೋ ಹೇಳಬೇಕಾದದ್ದು ನ್ಯಾಯಾಲಯ. ಆದರೆ 17 ಅಕ್ಷರ ಓದುವುದಕ್ಕೆ ಎರಡು ನಿಮಿಷ ಸಾಕು.

ನಮ್ಮ ಕೆಂಪು ಕಾರಿನ ನಂಬರ್ ತಾಳೆಯಾಯಿತು. "ಸೆಕೆಂಡ್ ಓನರ್" ಎಂದಿದ್ದರು, ಆರ್.ಸಿ.ಯಲ್ಲಿ ಮಾಲೀಕರ ಸಂಖ್ಯೆ 3 ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು, ಒಂದು ಹಣಕಾಸು ಸಂಸ್ಥೆಗೆ ಹೈಪಾಥಿಕೇಷನ್.

ಅಜ್ಜಿಯರಿಗೆ ಇದನ್ನು ಹೀಗೆ ಹೇಳುತ್ತೇನೆ. ನೀವು ಚಿನ್ನ ಅಡವಿಟ್ಟರೆ ಸರ ಬ್ಯಾಂಕಿನ ತಿಜೋರಿಗೆ ಹೋಗುತ್ತದೆ, ನಿಮ್ಮ ಕೊರಳು ಬರಿದಾಗುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಕಾರಿನ ಸಾಲದಲ್ಲಿ ಕಾರು ಮನೆ ಮುಂದೆಯೇ ಇರುತ್ತದೆ, ಓಡಾಡುತ್ತದೆ, ತೊಳೆದರೆ ಹೊಳೆಯುತ್ತದೆ. ಸಾಲಗಾರನ ಹಕ್ಕು ಮಾತ್ರ ಕಾಗದದಲ್ಲಿ ಕೂತಿರುತ್ತದೆ. ಕಾರನ್ನು ನೋಡಿ ಅದನ್ನು ಕಂಡುಹಿಡಿಯಲು ಯಾವ ಮೆಕ್ಯಾನಿಕ್ಕಿಗೂ ಆಗದು.

"ಸಾಲ ಯಾವತ್ತೋ ತೀರಿದೆ ಸಾರ್, ಬರೀ ಫಾರ್ಮಾಲಿಟಿ. 50 ಸಾವಿರ ಟೋಕನ್ ಕೊಡಿ, ನಾಳೆ ಇನ್ನೊಬ್ಬರು ಬರ್ತಾರೆ" ಎಂದರು. ಮೊಮ್ಮಗನ ಕೈ ಫೋನಿಗೆ ಹೋಗಿತ್ತು.

"ಬರ್ಲಿ ಬಿಡಿ" ಎಂದೆ. "ತೀರಿದ್ರೆ ಅವರ ಪತ್ರ, ಫಾರಂ 35 ತರಿಸಿ. ಆ ಸಾಲು ಅಳಿಸಿದ ದಿನ ಚೆಕ್ ತರ್ತೀವಿ."

ವಾಪಸು ಬರುವಾಗ ಮೊಮ್ಮಗ ನರಸಾಪುರದವರೆಗೂ ಮಾತಾಡಲಿಲ್ಲ. ಅಲ್ಲಿ ಕಾಫಿಗೆ ನಿಂತಾಗ, "ಕೈ ತಪ್ಪಿ ಹೋದ್ರೆ ತಾತ?" ಎಂದ. "ನಿನ್ನ ಅಜ್ಜೀದು 5 ಲಕ್ಷ ಕೈ ತಪ್ಪೋಕಿಂತ ವಾಸಿ" ಎಂದೆ. ಕಟುವಾಯಿತೇನೋ, ಆದರೂ ಅಂದೆ.

ಕಾರು ಕೈ ತಪ್ಪಲಿಲ್ಲ. ಆ ಸಾಲು ಅಳಿಸುವುದಕ್ಕೆ ಏಳು ವಾರ ಹಿಡಿಯಿತು. ಕೊನೆಯ ಒಂದು ಕಂತಿನ ದಂಡ ಬಾಕಿ ಇತ್ತಂತೆ. ಮೊತ್ತ ಎಷ್ಟೆಂದು ನಾನು ಕೇಳಲಿಲ್ಲ, ಕಟ್ಟಿದ್ದು ನಾವಲ್ಲ.

ಅಜ್ಜಂದಿರೇ, ಕೊಳ್ಳುವವರಷ್ಟೇ ಅಲ್ಲ, ಮಾರುವವರೂ ಕೇಳಬೇಕಾದ ಮಾತೊಂದಿದೆ. ನಮ್ಮ ಪೈಕಿ ಎಷ್ಟೋ ಜನ ಹಳೆಯ ಮಾರುತಿ 800 ಮಾರಿ, ಖಾಲಿ ಫಾರಂಗೆ ಸಹಿ ಹಾಕಿ, ದುಡ್ಡು ಎಣಿಸಿಕೊಂಡು ಮರೆತಿದ್ದೇವೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು ನೆನಪಿರಲಿ. ಕಾರು ಕೈಯಿಂದ ಕೈಗೆ ಮಾರಾಟವಾಗಿ ಅಪಘಾತ ಮಾಡಿತ್ತು. ದಾಖಲೆಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದಿತು ಕೋರ್ಟು. ಹಾಗಾಗಿ ಫಾರಂ 29, 30 ಆರ್‌ಟಿಒಗೆ ಹೋಯಿತೇ, ಹೆಸರು ಬದಲಾಯಿತೇ ಎಂದು ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಿ. ನಿಮಗೆ ಬಾರದಿದ್ದರೆ ಮೊಮ್ಮಕ್ಕಳಿಗೆ ಹೇಳಿ, ಅರ್ಧ ನಿಮಿಷದ ಕೆಲಸ.

ವಿಮೆಯನ್ನೂ ಕೊಂಡವರ ಹೆಸರಿಗೆ ಬದಲಾಯಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಅದು ಮಾರಿದವರ ಆಸ್ತಿ. ನಮ್ಮ ಡೀಲರ್ ಅದನ್ನೂ ಬೆಲೆಯಲ್ಲಿ ಸೇರಿಸಿ ಹೇಳಿದ್ದರು, ತೆಗೆಸಿದೆ.

ಎಲ್ಲ ಕಳೆದು, ಏಳು ವಾರದಲ್ಲಿ ಮೊಮ್ಮಗನ ಎರಡು ಸಂಬಳ ಸೇರಿ, ಕೊನೆಗೆ ಬೇಕಾದದ್ದು 3 ಲಕ್ಷ. ಅಜ್ಜಿ ಕೊಟ್ಟಳು, ಪುಕ್ಕಟೆ ಅಲ್ಲ. ಎಫ್.ಡಿ.ಗೆ ಸಿಗುತ್ತಿದ್ದ ಬಡ್ಡಿಯನ್ನೇ ಬರೆಸಿ ಚೀಟಿಗೆ ಸಹಿ ಹಾಕಿಸಿಕೊಂಡಳು. ಸಾಕ್ಷಿ ನಾನು ಮತ್ತು ಶಿಲ್ಪಿಗಳು.

ಹೊಸ ಆರ್.ಸಿ. ಕಾರ್ಡು ಕಳೆದ ವಾರ ಅಂಚೆಯಲ್ಲಿ ಬಂತು. ನಂಬರ್ ಕೋಲಾರದ ಕೆಎ 07 ಆಗಲಿಲ್ಲವೆಂದು ಮೊಮ್ಮಗಳಿಗೆ ಬೇಸರ. ರಾಜ್ಯದೊಳಗೆ ಮಾಲೀಕರು ಬದಲಾದರೂ ನಂಬರ್ ಬದಲಾಗುವುದಿಲ್ಲ. ಕಾರು ಊರಿಗೆ ಬಂದಾಗ ಎರಡನೇ ಉಬ್ಬಿನಲ್ಲಿ ಹೊಟ್ಟೆ ಉಜ್ಜಿತು, ಈಗ ಬಸ್ ಸ್ಟಾಪಿನ ಹತ್ತಿರವೇ ನಿಲ್ಲಿಸಿ ನಡೆದು ಬರುತ್ತಾನೆ. ಮೊದಲ ಸವಾರಿ ಸಾಲ ಕೊಟ್ಟವರಿಗೆ. ಅಜ್ಜಿಯನ್ನು ಅದರಿಂದ ಎತ್ತಿ ಇಳಿಸುವುದಕ್ಕೆ ಇಬ್ಬರು ಬೇಕಾಯಿತು.