ಖಾತೆಯ ವಿವರ ಹೊರಬಿದ್ದಾಗ ಮಾಡಬೇಕಾದ್ದು

ಹುಡುಗ–ಹುಡುಗಿಯ ಜಾತಕ ಕೂಡಿಬಂದ ಮೇಲೆ ಈಗೀಗ ಇನ್ನೊಂದು ವಿಚಾರಣೆಯೂ ನಡೆಯುತ್ತಿದೆ. ಆ ಮನೆಯವರ ಸಾಲ ಎಷ್ಟು, ಅಂಗಡಿಯ ಓ.ಡಿ. ಖಾತೆ ಸರಿಯಾಗಿ ನಡೆಯುತ್ತಿದೆಯೇ, ಸಿಬಿಲ್ ಅಂಕ ಎಷ್ಟಿದೆ ಎಂದು ಬ್ಯಾಂಕಿನಲ್ಲಿರುವ ಪರಿಚಯದವರಿಂದ ಕೇಳಿಸಿ ತಿಳಿಯುವುದು. ಪಾಲುದಾರಿಕೆ ಮುರಿಯುವಾಗ, ಅಣ್ಣತಮ್ಮಂದಿರ ಆಸ್ತಿ ಪಾಲಾಗುವಾಗಲೂ ಇದೇ ನಡೆಯುತ್ತದೆ. "ನಮ್ಮವರೇ ಇದ್ದಾರೆ, ಒಂದು ಮಾತು ಕೇಳಿದರಾಯಿತು" ಎನ್ನುವವರಿಗೆ ಅದು ತಪ್ಪೆಂದು ತೋರುವುದಿಲ್ಲ. ಆದರೆ ವಿವರ ಹೊರಬಿದ್ದ ಮನೆಯಲ್ಲಿ ಕೂಡಿಬಂದ ಸಂಬಂಧ ತಪ್ಪುತ್ತದೆ. ಪೇಟೆಯಲ್ಲಿ ಉದ್ರಿ ನಿಲ್ಲುತ್ತದೆ.

ಈ ವಿಷಯ ಈಗ ಚರ್ಚೆಗೆ ಬರಲು ಕಾರಣಗಳಿವೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಕಾಯಿನ್‌ಬೇಸ್ ಎಂಬ ಕ್ರಿಪ್ಟೊ ಸಂಸ್ಥೆಯು ತನ್ನ ಗ್ರಾಹಕ ಸೇವೆಯ ಕೆಲವು ಹೊರದೇಶದ ನೌಕರರು ಲಂಚ ಪಡೆದು ಗ್ರಾಹಕರ ವಿವರ ಮಾರಿದರೆಂದು ಪ್ರಕಟಿಸಿತು. ತೊಂದರೆಗೊಳಗಾದವರು 69 ಸಾವಿರಕ್ಕೂ ಹೆಚ್ಚು ಜನ. ಹೊರಗಿನಿಂದ ಬಂದು ಬೀಗ ಮುರಿದ ಕಳ್ಳರು ಯಾರೂ ಇರಲಿಲ್ಲ. ಕೀಲಿಕೈ ಕೊಟ್ಟಿದ್ದವರಿಂದಲೇ ಕೆಲಸ ಕೆಟ್ಟಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳನ್ನು ಹೊರಡಿಸಿತು.

ಈ ಕಾಯಿದೆಯಲ್ಲಿ ದಂಡ ದೊಡ್ಡದಿದೆ. ಗ್ರಾಹಕರ ಮಾಹಿತಿಗೆ ತಕ್ಕ ಭದ್ರತೆ ಇಡದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ವಿಧಿಸಬಹುದು. ಆದರೆ ಆ ಹಣ ಸೇರುವುದು ಸರ್ಕಾರದ ಬೊಕ್ಕಸಕ್ಕೆ, ನೊಂದವರ ಕೈಗೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಜೊತೆಗೆ ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಹಾಗೆಂದು ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ. ಹಳೆಯ ಕಾನೂನುಗಳಲ್ಲಿ ಇದಕ್ಕೆ ದಾರಿಯಿದೆ. 1970ರ ಬ್ಯಾಂಕ್ ರಾಷ್ಟ್ರೀಕರಣ ಕಾಯಿದೆಯ 13ನೇ ಕಲಮಿನಂತೆ ಆ ಬ್ಯಾಂಕುಗಳ ಪ್ರತಿ ನೌಕರನೂ ಕೆಲಸಕ್ಕೆ ಸೇರುವಾಗ ಗೋಪ್ಯತೆಯ ಘೋಷಣೆಗೆ ಸಹಿ ಹಾಕಿರುತ್ತಾನೆ. ಕರಾರಿನ ಮೇಲೆ ಕೆಲಸ ಮಾಡುತ್ತಾ ಕೈಗೆ ಸಿಕ್ಕ ವೈಯಕ್ತಿಕ ಮಾಹಿತಿಯನ್ನು ದುರುದ್ದೇಶದಿಂದ ಹೊರಗೆ ಕೊಟ್ಟರೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 72ಎ ಕಲಮಿನಂತೆ ಮೂರು ವರ್ಷದವರೆಗೆ ಜೈಲು ಆಗಬಹುದು.

ಅನುಮಾನ ಬಂದವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೇ ತಪ್ಪಾಗಿರುತ್ತದೆ. ನೇರವಾಗಿ ಆ ನೌಕರನಿಗೆ ಫೋನು ಮಾಡಿ ಜಗಳ ಕಾಯುತ್ತಾರೆ, ಇಲ್ಲವೇ ಬಸದಿಯ ಅಂಗಳದಲ್ಲಿ ನಾಲ್ವರ ಮುಂದೆ ಹೆಸರು ಎತ್ತುತ್ತಾರೆ. ಆಮೇಲೆ ಆತ ನಿರಪರಾಧಿ ಎಂದಾದರೆ ಆಡಿದ ಮಾತನ್ನು ಹಿಂದಕ್ಕೆ ತರಲಾಗದು.

ಮಾಡಬೇಕಾದ್ದು ಬರವಣಿಗೆಯ ಕೆಲಸ. ಬ್ಯಾಂಕಿನ ಗಣಕದಲ್ಲಿ ಯಾವ ನೌಕರನ ಐಡಿಯಿಂದ, ಯಾವ ದಿನ, ಎಷ್ಟು ಗಂಟೆಗೆ ಯಾವ ಖಾತೆ ತೆರೆದರು ಎಂಬ ಗುರುತು ಸಾಮಾನ್ಯವಾಗಿ ಉಳಿದಿರುತ್ತದೆ. ಆದ್ದರಿಂದ ಶಾಖಾ ವ್ಯವಸ್ಥಾಪಕರಿಗೆ ಪತ್ರ ಕೊಟ್ಟು, ಇಂಥ ದಿನದಿಂದ ಇಂಥ ದಿನದವರೆಗೆ ಈ ಖಾತೆಯನ್ನು ಕೆಲಸವಿಲ್ಲದೆ ಯಾರಾದರೂ ತೆರೆದಿದ್ದಾರೆಯೇ ಎಂದು ವಿಚಾರಿಸಿ, ಆ ದಾಖಲೆಯನ್ನು ಅಳಿಸದೆ ಇಟ್ಟುಕೊಳ್ಳಿ ಎಂದು ಕೇಳಬೇಕು. ಪ್ರತಿಯ ಮೇಲೆ ಮೊಹರು, ಸಹಿ, ತಾರೀಕು ಹಾಕಿಸಿಕೊಳ್ಳಬೇಕು. ನೌಕರನ ಹೆಸರನ್ನು ಬ್ಯಾಂಕು ಹೇಳದೇ ಇರಬಹುದು. ಆದರೆ ವಿಚಾರಣೆಯಲ್ಲಿ ಏನಾಯಿತೆಂದು ಲಿಖಿತ ಉತ್ತರ ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹೋಗಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸಹಾಯಕ್ಕೆ 14448 ಸಂಖ್ಯೆಯಿದೆ. ಖಾತೆಯಿಂದ ಹಣವೇ ಹೋಗಿದ್ದರೆ ಮಾತ್ರ ಪತ್ರ ಬರೆಯುತ್ತಾ ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ, ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಬೇಕು.

ಸಿಬಿಲ್ ವರದಿ ಕದ್ದು ನೋಡಿದ್ದರೆ ಪತ್ತೆ ಇನ್ನೂ ಸುಲಭ. ಯಾವ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ಯಾವ ದಿನ ಆ ವರದಿ ತೆಗೆಸಿತು ಎಂದು ವರದಿಯ ಕೊನೆಯ ಭಾಗದಲ್ಲಿಯೇ ಇರುತ್ತದೆ. ಸಾಲವನ್ನೇ ಕೇಳದ ಕಡೆಯ ಹೆಸರು ಅಲ್ಲಿ ಕಂಡರೆ ಅದೇ ಪುರಾವೆ. ಯಾರಾದರೂ ವರದಿ ತೆಗೆಸಿದಾಗ ಮೊಬೈಲಿಗೆ ಅಥವಾ ಇ–ಮೇಲಿಗೆ ಸೂಚನೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ. ಹಳೆಯ ಮೊಬೈಲ್ ನಂಬರು ಬದಲಿಸದೆ ಬಿಟ್ಟವರಿಗೆ ಅದು ತಲುಪುವುದಿಲ್ಲ.

ಕಷ್ಟವಿರುವುದು ಸಣ್ಣ ಸೌಹಾರ್ದ, ಪತ್ತಿನ ಸಹಕಾರಿಗಳಲ್ಲಿ. ಅವು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ. ಆಡಳಿತ ಮಂಡಳಿಗೆ, ಅಲ್ಲಿ ಆಗದಿದ್ದರೆ ಸಹಕಾರ ಇಲಾಖೆಗೆ ಬರೆಯಬೇಕು. ಎಷ್ಟೋ ಸಂಘಗಳಲ್ಲಿ ಗುಮಾಸ್ತರೆಲ್ಲ ಒಂದೇ ಪಾಸ್‌ವರ್ಡ್ ಬಳಸುತ್ತಾರೆ. ಹಾಗಿದ್ದಾಗ ಖಾತೆ ನೋಡಿದವರು ಯಾರೆಂದು ಸಾಕ್ಷಾತ್ ಅಧ್ಯಕ್ಷರಿಗೂ ಹೇಳಲಾಗದು, ತಪ್ಪು ಮಾಡದ ಗುಮಾಸ್ತನ ಮೇಲೂ ಸಂಶಯ ಬೀಳುತ್ತದೆ. ಸಮಾಜದವರೇ ನಿರ್ದೇಶಕರಾಗಿರುವ ಸಂಘಗಳು ಬರುವ ಸರ್ವಸದಸ್ಯರ ಸಭೆಯವರೆಗೂ ಕಾಯದೆ ಒಬ್ಬೊಬ್ಬರಿಗೆ ಒಂದೊಂದು ಐಡಿ ಕೊಡಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಇನ್ನು ಕೇಳಿಸಿಕೊಂಡವರ ಮಾತು. ಇಲ್ಲಿಯವರೆಗೆ ಹೇಳಿದ್ದೆಲ್ಲ ನೌಕರನ ತಪ್ಪಾಯಿತು, ಆದರೆ ಅರ್ಧ ತಪ್ಪು ಕೇಳಿದವರದ್ದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಪರರ ಗುಟ್ಟು ಹೊರಹಾಕುವ ರಹೋಭ್ಯಾಖ್ಯಾನವನ್ನೂ ಒತ್ತೆಯಿಟ್ಟದ್ದನ್ನು ನುಂಗುವ ನ್ಯಾಸಾಪಹಾರವನ್ನೂ ಸೇರಿಸಿದೆ. ಅಚೌರ್ಯದ ಅತಿಚಾರಗಳಲ್ಲಿ ಕದಿಯಲು ಪ್ರೇರೇಪಿಸುವುದು ಮತ್ತು ಕದ್ದುತಂದದ್ದನ್ನು ಪಡೆಯುವುದು ಎರಡೂ ಇವೆ. ಬ್ಯಾಂಕಿನ ತಮ್ಮನಿಂದ ಪರರ ಖಾತೆ ತಿಳಿದುಕೊಂಡವರು ಈ ಕೊನೆಯ ಎರಡರಲ್ಲಿ ನಿಲ್ಲುತ್ತಾರೆ. ಆ ತಮ್ಮನ ಗತಿಯನ್ನೂ ನೋಡಬೇಕು. ಹತ್ತು ನಿಮಿಷದ ಉಪಕಾರಕ್ಕೆ ಅವನು ಅಮಾನತಾಗಬಹುದು, ಕೆಲಸವೇ ಹೋಗಬಹುದು. ಕೇಳಿದವರು ಆಗ ಅವನ ಪಕ್ಕದಲ್ಲಿ ಇರುವುದಿಲ್ಲ.

ಸಂಬಂಧ ಬೆಳೆಸುವ ಮೊದಲು ಸಾಲಸೋಲ ತಿಳಿಯಬೇಕೆಂಬ ಹೆಣ್ಣು ಹೆತ್ತವರ ಆತಂಕ ನ್ಯಾಯವಾದದ್ದೇ. ಅದಕ್ಕೆ ಕದ್ದು ನೋಡುವ ಅಗತ್ಯವಿಲ್ಲ. ಪ್ರತಿಯೊಬ್ಬರೂ ತಮ್ಮ ಕ್ರೆಡಿಟ್ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಎರಡೂ ಮನೆಯವರು ಮಾತುಕತೆಗೆ ಕುಳಿತಾಗ ತಂತಮ್ಮ ವರದಿ ತಾವೇ ತಂದು ಎದುರಿಗಿಟ್ಟರೆ ಮಧ್ಯದಲ್ಲಿ ಯಾವ ಗುಮಾಸ್ತನೂ ಬೇಕಾಗುವುದಿಲ್ಲ.