ದಡ್ಡತನ ಹಕ್ಕಿಯದಲ್ಲ

"ಕಂಡದ್ದನ್ನೆಲ್ಲ ನುಂಗುವ ದಡ್ಡ ಹಕ್ಕಿ" ಎಂದು ನಮ್ಮ ಬಾತುಕೋಳಿಯ ಸಾವಿಗೆ ನೆರೆಯವರೊಬ್ಬರು ತೀರ್ಪಿತ್ತರು. ನಾನು ಒಪ್ಪಲಾರೆ. ಹಲ್ಲಿಲ್ಲದ ಆ ಜೀವಿಗೆ ನುಂಗಿದ ಹರಳುಗಲ್ಲೇ ಬೀಸುವ ಕಲ್ಲು. ಜಠರದೊಳಗೆ ಕಾಳನ್ನು ಅರೆಯಲು ಅದು ಬೇಕೇ ಬೇಕು. ಪಶುವೈದ್ಯರು ಕೊಯ್ದು ತೋರಿಸಿದ್ದಾದರೋ ಸತು ಲೇಪಿಸಿದ ಬೇಲಿತಂತಿಯ ತುಂಡುಗಳು. ಆಮ್ಲದಲ್ಲಿ ಸತು ಕರಗಿ ರಕ್ತಕ್ಕೆ ವಿಷವಾಗಿತ್ತು. ಬೇಲಿ ಕಟ್ಟಿಸಿ ಗುಡಿಸದೆ ಬಿಟ್ಟವನು ನಾನೇ.

ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿದ್ದಾಗ ಬ್ರಿಟನ್ ಹಂಸಗಳಿಗೆ ಬುದ್ಧಿ ಹೇಳಲಿಲ್ಲ. 1987ರಲ್ಲಿ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನೇ ಬಹುಮಟ್ಟಿಗೆ ನಿಷೇಧಿಸಿತು.

ಬಾತು ಸಾಕುವವರೇ, ಕೊಕ್ಕನ್ನು ಹಳಿಯಬೇಡಿರಿ. ಮೊಳೆ, ತಿರುಪು, ನಾಣ್ಯಗಳನ್ನು ಅಂಗಳದಿಂದ ಇಂದೇ ಆಯ್ದು ತೆಗೆಯಿರಿ, ನನ್ನಂತೆ ತಡಮಾಡಬೇಡಿರಿ.