ಮನೆವಾರ್ತೆ: ತೊಟ್ಟಿಲ ಕೂಸಿನ ಪಾಲು

“ಗಂಡುಕೂಸಿಗೆ ಹಸಿವು ಹೆಚ್ಚು, ಹೆಣ್ಣಿಗೆ ಇಷ್ಟಾದರೆ ಸಾಕು” ಎಂಬ ಮಾತನ್ನು ಬಾಣಂತನಕ್ಕೆಂದು ಊರಿನಿಂದ ಬಂದ ಹಿರಿಯರ ಬಾಯಲ್ಲಿ ನಾವೆಲ್ಲರೂ ಕೇಳಿದವರೇ. ಧಾರವಾಡದ ಕಡೆಯ ಈ ಮಾತು ಗಂಟುಮೂಟೆಯೊಡನೆ ಪುಣೆಯ ಎರಡು ಕೋಣೆಯ ಬಿಡಾರಕ್ಕೂ ಬಂದು ಸೇರಿದೆ. ಇದರಲ್ಲಿ ನಿಜವೆಷ್ಟು, ರೂಢಿಯೆಷ್ಟು ಎಂಬುದನ್ನು ಈ ಸಲ ವಿಚಾರಿಸೋಣ. ನಾವು ವೈದ್ಯರಲ್ಲ, ಕಡತ ಓದಿ ಟಿಪ್ಪಣಿ ಬರೆಯುವ ಗುಮಾಸ್ತರು. ಆದರೂ ಓದಿ ತಿಳಿದದ್ದನ್ನು ವಾಚಕರ ಮುಂದಿಡಲು ಅಡ್ಡಿಯಿಲ್ಲವಷ್ಟೆ.

ಮೊದಲು ನಿಜದ ಭಾಗ. ಹರೆಯದಲ್ಲಿ ಮೈಯನ್ನು ಬದಲಿಸುವ ಹಾರ್ಮೋನುಗಳು, ಅಂದರೆ ಗ್ರಂಥಿಗಳಿಂದ ನೇರವಾಗಿ ನೆತ್ತರಿಗೆ ಸೇರುವ ರಸಗಳು, ಹುಟ್ಟಿದ ಕೆಲವೇ ವಾರಗಳಲ್ಲಿ ಒಮ್ಮೆ ಎಚ್ಚತ್ತು ಮತ್ತೆ ಮಲಗುತ್ತವೆ. 1973ರಲ್ಲಿ ಫ್ರಾನ್ಸಿನ ಮಾಗಲೋನ್ ಫೊರೆಸ್ಟ್ ಮತ್ತು ಅವರ ಸಂಗಡಿಗರು ಗಂಡುಕೂಸುಗಳಲ್ಲಿ ಇದನ್ನು ತೋರಿಸಿಕೊಟ್ಟರು. ಕಿರುಹರೆಯವೆನ್ನೋಣ. ಗಂಡಿನಲ್ಲಿ ಟೆಸ್ಟೊಸ್ಟೆರೋನ್ ಒಂದರಿಂದ ಮೂರನೆಯ ತಿಂಗಳೊಳಗೆ ತುತ್ತತುದಿಗೇರಿ, ಆರು ತಿಂಗಳ ಹೊತ್ತಿಗೆ ಇಳಿದುಹೋಗುತ್ತದೆ. ಹೆಣ್ಣಿನಲ್ಲಿ ಅಂಡಾಶಯವನ್ನು ಚೋದಿಸುವ ರಸ ಇನ್ನೂ ಹೆಚ್ಚು ಕಾಲ ನಿಲ್ಲುತ್ತದೆ. ಎಸ್ಟ್ರೋಜನ್ ಏರುತ್ತ ಇಳಿಯುತ್ತ ಇರುತ್ತದೆ. ಗಂಡುಕೂಸು ತುಸು ಬೇಗ ತುಂಬಿಕೊಳ್ಳುವುದೂ ಈ ತಿಂಗಳುಗಳಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯ ತಖ್ತೆಯಲ್ಲಿ ಆರು ತಿಂಗಳ ಗಂಡಿನ ನಡುಮಟ್ಟದ ತೂಕ 7.9 ಕಿಲೋ, ಹೆಣ್ಣಿನದು 7.3 ಕಿಲೋ. ಅಜ್ಜಿಯ ಮಾತಿನಲ್ಲಿ ಇಷ್ಟರ ಮಟ್ಟಿಗೆ ಹುರುಳುಂಟು.

ಆ ತಿಂಗಳುಗಳ ಪೋಷಣೆಯ ಗುರುತು ಮುಂದೆಯೂ ಉಳಿಯುವಂತೆ ಕಾಣುತ್ತದೆ. ಫಿಲಿಪ್ಪೀನ್ಸಿನ ಸೆಬುವಿನಲ್ಲಿ 1983-84ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ದೊಡ್ಡವರಾಗುವ ತನಕ ಬಿಡದೆ ನೋಡುತ್ತ ಬಂದರು. ಮೊದಲ ಆರು ತಿಂಗಳು ಚೆನ್ನಾಗಿ ಬೆಳೆದ ಗಂಡುಮಕ್ಕಳು ಬೇಗ ಹರೆಯಕ್ಕೆ ಬಂದರು. ಇಪ್ಪತ್ತು ದಾಟಿದ ಮೇಲೆ ಎತ್ತರವಾಗಿಯೂ ಬಲವಾಗಿಯೂ ಇದ್ದರು. ಟೆಸ್ಟೊಸ್ಟೆರೋನ್ ಕೂಡ ಅವರಲ್ಲಿ ಹೆಚ್ಚಾಗಿತ್ತು. ಕ್ರಿಸ್ಟೋಫರ್ ಕುಜಾವಾ ಮೊದಲಾದವರು 2010ರಲ್ಲಿ ಇದನ್ನು ಪ್ರಕಟಿಸಿದರು. ಹೆಣ್ಣಿನಲ್ಲಿ ದಾರಿ ಬೇರೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ಮಕ್ಕಳಲ್ಲಿ ಕಂಡಂತೆ, ಶೈಶವದಲ್ಲಿ ಬಹು ಬೇಗ ತೂಕವೇರಿದ ಹುಡುಗಿಯರಿಗೆ ಮೈನೆರೆಯುವುದೂ ಬೇಗ, ಕೊಬ್ಬೂ ಹೆಚ್ಚು. ಇವು ಜೊತೆಜೊತೆಗೆ ಕಂಡ ಸಂಗತಿಗಳು. ಒಂದರಿಂದಲೇ ಇನ್ನೊಂದು ಆಯಿತೆಂದು ಷರಾ ಬರೆಯಲಾಗದು.

ಆದುದರಿಂದ ಗಂಡಿಗೆ ಡಬ್ಬಿಯ ಹಾಲನ್ನು ತುರುಕಿ ಉಬ್ಬಿಸಬೇಕೆಂದಲ್ಲ. ನಮ್ಮ ಪುಣೆಯ ಹತ್ತಿರದ ಹಳ್ಳಿಗಳ ಹಸುಳೆಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನವರೊಡನೆ ಹೋಲಿಸಿ ಡಾಕ್ಟರ್ ಯಾಜ್ಞಿಕ್ ಮೊದಲಾದವರು 2003ರಲ್ಲಿ ಬರೆದದ್ದನ್ನು ಓದಿದರೆ ಗಾಬರಿಯಾದೀತು. ನಮ್ಮ ಕೂಸು ಸರಾಸರಿ 2.7 ಕಿಲೋ, ಅವರದು 3.5. ಆದರೂ ನಮ್ಮದರಲ್ಲಿ ಕಡಿಮೆಯಾದದ್ದು ಹೆಚ್ಚಾಗಿ ಮಾಂಸಖಂಡ. ತೊಗಲ ಕೆಳಗಿನ ಕೊಬ್ಬು ಅಷ್ಟು ಕಡಿಮೆಯಾಗಿರಲಿಲ್ಲ. ಗುಂಡುಗುಂಡಾಗಿ ಕಾಣಲೆಂದು ಹಟಹಿಡಿಯುವ ಮನೆಯವರು ಇದನ್ನು ಲಕ್ಷ್ಯದಲ್ಲಿಡತಕ್ಕದ್ದು.

ಇನ್ನು ರೂಢಿಯ ಭಾಗ. ಇಲ್ಲಿಯೇ ನಮಗೆ ಸಿಟ್ಟು ಬರುವುದು. ತಾಯಿಯ ಹಾಲು ಕೂಸು ಹೀರಿದಷ್ಟೂ ಊರುತ್ತದೆ. ಹೆಚ್ಚು ಬೇಕಾದ ಗಂಡು ಹೆಚ್ಚು ಹೀರುತ್ತದೆ, ಹೆಣ್ಣು ತನಗೆ ಬೇಕಾದಷ್ಟು ಹೀರುತ್ತದೆ. ಸೇರು-ಪಾವು ಹಿಡಿದು ನಾವು ಅಳೆದುಕೊಡಬೇಕಾದ ಸರಕು ಅದಲ್ಲ. ಹೀಗಿದ್ದರೂ ನಮ್ಮ ದೇಶದಲ್ಲಿ ಹೆಣ್ಣುಕೂಸಿಗೆ ಮೊಲೆ ಬಿಡಿಸುವುದು ಗಂಡಿಗಿಂತ ಬೇಗ. ಸರಕಾರದ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳಿಂದಲೇ ಸೀಮಾ ಜಯಚಂದ್ರನ್ ಮತ್ತು ಇಲಿಯಾನಾ ಕುಜೀಮ್ಕೊ 2011ರಲ್ಲಿ ಇದನ್ನು ತೋರಿಸಿದರು. ಕಾರಣ ಬರಿಯ ತಾತ್ಸಾರವಲ್ಲ. ಹಾಲೂಡಿಸುವಾಗ ತಾಯಿಯಲ್ಲಿ ಏರುವ ಹಾರ್ಮೋನು ಮುಂದಿನ ಬಸಿರನ್ನು ತಡೆದು ನಿಲ್ಲಿಸುತ್ತದೆ. ಗಂಡಿನ ಹಂಬಲವಿದ್ದ ಮನೆಯಲ್ಲಿ ಆ ತಡೆಯನ್ನು ಬೇಗ ತೆಗೆಯುತ್ತಾರೆ. ಅಣ್ಣನಿಲ್ಲದ ಹುಡುಗಿಗೆ ಹೀಗೆ, ಇನ್ನೂ ಹುಟ್ಟದ ತಮ್ಮನಿಗಾಗಿ, ಪಾಲು ಕಡಿಮೆಯಾಗುತ್ತದೆ. ಆರು ತಿಂಗಳು ಎದೆಹಾಲೊಂದೇ, ಆಮೇಲೆ ರಾಗಿ ಸರಿ, ಬೇಳೆಕಟ್ಟು, ಮೆದು ಅನ್ನದೊಡನೆ ಎರಡು ವರುಷದವರೆಗೂ ಅಥವಾ ಅದರಾಚೆಗೂ ಎದೆಹಾಲು ಎಂಬ ವೈದ್ಯರ ವಿಧಿಯಲ್ಲಿ ಗಂಡು-ಹೆಣ್ಣೆಂಬ ಭೇದವಿಲ್ಲ. ಮನೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳಬೇಕಾದವರು ಸೊಸೆಯಂದಿರಲ್ಲ, ಗಂಡಂದಿರಾದ ನಾವು. ಬಾಣಂತಿ ಅತ್ತೆಯ ಮಾತಿಗೆ ಎದುರಾಡಲಾರಳು. ಮಗನಾದವನಿಗೆ ಏನು ಧಾಡಿ?

ಒಂದು ಸಣ್ಣ ಸೂಚನೆ ಉಳಿಯಿತು. ತಾಯಿ-ಮಗುವಿನ ಕಾರ್ಡಿನಲ್ಲಿ ತೂಕ ಗುರುತಿಸುವ ಪುಟಗಳು ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ. ಹೆಣ್ಣಿನ ತೂಕವನ್ನು ಗಂಡಿನ ಪುಟದಲ್ಲಿ ಬರೆದರೆ ಆರೋಗ್ಯದ ಕೂಸೂ ಸೊರಗಿದಂತೆ ತೋರೀತು. ಗಂಡಿನದನ್ನು ಹೆಣ್ಣಿನ ಪುಟದಲ್ಲಿ ಬರೆದರೆ ಸೊರಗಿದ್ದೇ ತಿಳಿಯದೆ ಹೋದೀತು. ಲಸಿಕೆಗೆ ಹೋದಾಗ ಯಾವ ಪುಟದಲ್ಲಿ ಬರೆದರೆಂದು ಒಮ್ಮೆ ಇಣುಕಿ ನೋಡಿರಿ.